ಹನ್ನೊಂದು ಸಾಲು

"ಇದಕ್ಕಾದ್ರೂ ಬೈಯೇ," ಎಂದು ಲಾರಿ ಡ್ರೈವರ್ ತಾನು ಹೆಣೆದ ತುಂಡನ್ನು ಹೆಂಡತಿಯ ಕಣ್ಣೆದುರು ಹಿಡಿದ. ಅವಳು ಲಕ್ವ ಹೊಡೆದು ಮಲಗಿ ಇಪ್ಪತ್ತೆರಡು ದಿನವಾಗಿತ್ತು. ಗೋಡೆ ನೋಡುತ್ತಿದ್ದಳೇ ಹೊರತು ಯಾರು ಕರೆದರೂ ತಿರುಗುತ್ತಿರಲಿಲ್ಲ. ಎಡಗೈಯಲ್ಲಿ ಬಲವಿದೆ, ಅವರಿಗೇ ಮನಸ್ಸು ಬರಬೇಕು ಎಂದು ಡಾಕ್ಟರೂ ಕೈಚೆಲ್ಲಿದ್ದರು.

ಅಕ್ಕಪಕ್ಕದ ಹೆಂಗಸರಿಗೆಲ್ಲ ಕ್ರೋಶಾ ಕಲಿಸಿದವಳು ಅವಳು. ಹೆಣಿಗೆ ಕೆಟ್ಟರೆ ಒಂದು ಮಾತೂ ಆಡದೆ ನೂಲು ಜಗ್ಗಿ ಅಷ್ಟನ್ನೂ ಬಿಚ್ಚಿಬಿಡುತ್ತಿದ್ದಳು. ಕಲಿಯಲು ಬಂದವರು ಕಣ್ಣೀರು ಹಾಕಿದ್ದೂ ಉಂಟು. ಅವಳ ಇಷ್ಟದ ಕೆಲಸ ಕಂಡರೆ ತಿರುಗಿಯಾಳೆಂದು ಈಗ ಅವನೇ ಕಡ್ಡಿ ಹಿಡಿದಿದ್ದ. ಲೋಡಿಗೆ ಹಗ್ಗ ಬಿಗಿದು ರೂಢಿಯಾದ ಕೈ. ಕುಣಿಕೆಗಳನ್ನೂ ಹಾಗೇ ಬಿಗಿದು, ಅವುಗಳೊಳಗೆ ಕಡ್ಡಿ ತೂರಿಸುವಷ್ಟರಲ್ಲಿ ಬೆವರಿಳಿಯುತ್ತಿತ್ತು. ಪ್ರತಿ ಸಾಲಿನ ಕೊನೆಯ ಕುಣಿಕೆ ಕಣ್ತಪ್ಪಿ, ಚೌಕವಾಗಬೇಕಿದ್ದದ್ದು ಹನ್ನೊಂದನೇ ಸಾಲಿಗೆ ಮೂಗಿನಂತೆ ಚೂಪಾಗಿತ್ತು.

ಅವಳು ರೆಪ್ಪೆಯನ್ನೂ ಆಡಿಸಲಿಲ್ಲ. "ಇನ್ನು ನನ್ನ ಕೈಲಾಗಲ್ಲ ಕಣೇ," ಎಂದವನು ಕಡ್ಡಿ ಕಿತ್ತು, ತುಂಡನ್ನು ಅವಳ ಪಕ್ಕಕ್ಕೆ ಎಸೆದು, ಮುಖ ಮುಚ್ಚಿಕೊಂಡ.

ಅವನ ಬೆರಳಿಗೆ ಇನ್ನೂ ಸುತ್ತಿಕೊಂಡಿದ್ದ ನೂಲು ಜಗ್ಗಿದಂತಾಯಿತು. ಕಣ್ಣು ಬಿಟ್ಟು ನೋಡಿದ. ಹುಬ್ಬು ಗಂಟಿಕ್ಕಿಕೊಂಡು, ಎಡಗೈಯಲ್ಲಿ ನೂಲು ಹಿಡಿದು, ಅವಳು ಒಂದೊಂದೇ ಕುಣಿಕೆ ಬಿಚ್ಚುತ್ತಿದ್ದಳು. ಬಿಗಿಯಾದ ಕಡೆ ನೂಲು ಸಿಕ್ಕಿಕೊಂಡಿತು. ಅವನು ತುಂಡನ್ನು ಎರಡೂ ಕೈಯಲ್ಲಿ ಹಿಡಿದುಕೊಟ್ಟ.

"ಬಿಚ್ಚು," ಎಂದ ಬಿಕ್ಕುತ್ತಲೇ, "ಒಂದು ಸಾಲೂ ಬಿಡಬೇಡ."