ಲಘು ಲಾಠಿ ಪ್ರಹಾರ

ಪ್ರೊಫೆಸರ್ ನೀಲಾಂಬಿಕಾ ‘ಲಾಠಿ ಪ್ರಹಾರ’ ಎಂದು ಬರೆದರು. ಶಾಯಿ ಆರುವ ಮೊದಲೇ ಕಾಗದ ಎಡಬದಿಗೆ ತಾನಾಗಿಯೇ ‘ಲಘು’ ಎಂದು ಸೇರಿಸಿಕೊಂಡಿತು. ಊರಲ್ಲಿ ಸಿಗುವುದೆಲ್ಲ ಸರ್ಕಾರದ ಕಾಗದವೇ; ಅದರ ಚಾಳಿಯೇ ಹಾಗೆ. ಪ್ರಭುತ್ವದ ದಬ್ಬಾಳಿಕೆಯ ಬಗ್ಗೆ ಅವರು ಮೂವತ್ತು ವರ್ಷ ಪಾಠ ಹೇಳಿ, ಆರು ಪುಸ್ತಕ ಬರೆದಿದ್ದರು. ಆ ಆರರಲ್ಲೂ ಪೊಲೀಸರು ಯಾರಿಗೂ ಜೋರಾಗಿ ಹೊಡೆದಿರಲೇ ಇಲ್ಲ.

ಎದುರಿಗೆ ಅವರ ಸಂಶೋಧನಾ ವಿದ್ಯಾರ್ಥಿ ಯಮನೂರ ಕುಳಿತಿದ್ದ. ನಿನ್ನೆಯ ಮೆರವಣಿಗೆಯಲ್ಲಿ ಪೊಲೀಸರು ಅವನ ಬಲಗೈಯನ್ನು ಎರಡು ಕಡೆ ಮುರಿದಿದ್ದರು.

“ದವಾಖಾನಿ ಚೀಟಿಯೊಳಗೂ ‘ಲಘು ಮುರಿತ’ ಅಂತ ಬಂದೈತ್ರಿ, ಮೇಡಂ,” ಎಂದ.

ನೀಲಾಂಬಿಕಾ ಅವರ ಮೈ ಉರಿದುಹೋಯಿತು. ಬರೆದ ಹಾಳೆಯನ್ನು ಹರಿದೆಸೆದರು.

“ಕೈ ಕೊಡ ಇಲ್ಲಿ!”

ಅವನ ಪ್ಲಾಸ್ಟರಿನ ಮೇಲೆ ದಪ್ಪ ಅಕ್ಷರದಲ್ಲಿ ‘ಲಾಠಿ ಪ್ರಹಾರ’ ಎಂದು ಬರೆದರು. ಶಾಯಿ ಆರುವವರೆಗೆ ಇಬ್ಬರೂ ಕಾದರು. ಎಡಬದಿ ಖಾಲಿಯೇ ಉಳಿಯಿತು. ಆಮೇಲೆ ಅವರು ನಿಲ್ಲಲಿಲ್ಲ. ಮೊಣಕೈಯಿಂದ ಮಣಿಕಟ್ಟಿನವರೆಗೆ ಜಾಗ ಮುಗಿಯುವ ತನಕ ಬರೆದರು.

“ಮುಂದಿಂದು ಎಲ್ಲಿ ಬರೀತೀರ್ರೀ, ಮೇಡಂ?”

“ನಾಳೆ ಮೆರವಣಿಗಿಗೆ ನಾನೂ ಬರ್ತೇನಿ,” ಎಂದರು ನೀಲಾಂಬಿಕಾ, ಪೆನ್ನಿನ ಮುಚ್ಚಳ ಹಾಕುತ್ತ. “ನನಗೂ ಎರಡು ಕೈ ಅದಾವು.”