ಬಸ್ಸಿಗೆ ಹದಿಮೂರು ತಾಸು

ಅವ್ವನಿಗೆ ತುಸು ಆರಾಮಿಲ್ಲ, ಬಂದು ಹೋಗು ಎಂದು ಅಣ್ಣ ಬೆಳಿಗ್ಗೆ ಫೋನಿನಲ್ಲಿ ಹೇಳಿದ್ದ. ಮಧ್ಯಾಹ್ನ ನೀಲವ್ವ ಜೀವನದಲ್ಲೇ ಮೊದಲ ಸಲ ವಿಮಾನದಲ್ಲಿ ಕೂತಿದ್ದಳು. ತೊಡೆಯ ಮೇಲೆ ಅವ್ವನಿಗೆಂದು ಮೆತ್ತಗೆ ಕುದಿಸಿದ ಹುಗ್ಗಿಯ ಡಬ್ಬಿ.

“ಎಷ್ಟೊತ್ತಿಗೆ ಮುಟ್ತೀವ್ರಿ?” ಎಂದು ಪಕ್ಕದ ಸೀಟಿನ ಹೆಂಗಸನ್ನು ಕೇಳಿದಳು.

“ಐವತ್ತು ನಿಮಿಷದಾಗ. ಮೊದಲ ಹೆಂಗ ಹೋಗ್ತಿದ್ರಿ?”

“ಬಸ್ಸಿಗೇ ರೀ, ಹದಿಮೂರು ತಾಸು. ಅವ್ವಗ ಮಾತು ನಿಂತು ದವಾಖಾನಿಗೆ ಹಾಕಿದಾಗೂ ಅಣ್ಣ ಬಸ್ಸಿಗೇ ಬಾ ಅಂದಿದ್ದ. ಅಷ್ಟು ಬಿಗಿ ಕೈ ಅವಂದು. ಇವತ್ತಿನ ಈ ಟಿಕೆಟ್ ಮಾತ್ರ ಅವನ ಕಳಿಸ್ಯಾನ ನೋಡ್ರಿ.”

“ಈ ಸಲ ತಾವಾಗೇ ವಿಮಾನದ ಟಿಕೆಟ್ ತೆಗಸ್ಯಾರಲ್ರೀ, ಮನಸ್ಸು ಕರಗಿರಬೇಕು.”

ನೀಲವ್ವ ನಕ್ಕಳು. ನಗು ಅರ್ಧಕ್ಕೇ ನಿಂತಿತು. ಡಬ್ಬಿಯನ್ನು ಎದೆಗೆ ಅವಚಿಕೊಂಡಳು.

“ಅವ್ವ ಹೋಗ್ಯಾಳ್ರೀ,” ಎಂದಳು. “ಮಣ್ಣು ಮಾಡಾಕ ನನ್ನ ಹಾದಿ ಕಾಯಾಕತ್ತಾರ.”