ಬಾಯಿಮಾತು ನಡೆಯುವುದಿಲ್ಲ

ಬಚ್ಚಲಲ್ಲಿ ಜಾರಿಬಿದ್ದು ಕಾಲು ಮುರಿದುಕೊಂಡ ದೊಡ್ಡ ಡಾಕ್ಟರನ್ನು ಅವರದೇ ವಾರ್ಡಿನಲ್ಲಿ ಮಲಗಿಸಿದ್ದರು. ನೋವಿನ ಇಂಜೆಕ್ಷನ್‌ಗೆ ಡ್ಯೂಟಿ ಡಾಕ್ಟರು ಕಂಪ್ಯೂಟರಿನಲ್ಲಿ ಆರ್ಡರ್ ಹಾಕಿ ಹೋಗಿ ಬಹಳ ಹೊತ್ತಾಗಿತ್ತು. ಇಂಜೆಕ್ಷನ್ ಮಾತ್ರ ಪತ್ತೆಯಿರಲಿಲ್ಲ.

"ಏನ್ ಸಿಸ್ಟರ್, ಇಲ್ಲಿ ಪ್ರಾಣ ಹೋಗ್ತಿದೆ!"

"ಈ ಇಂಜೆಕ್ಷನ್‌ಗೆ ವಾರ್ಡಿನ ಮುಖ್ಯಸ್ಥರು ಒಪ್ಪಿಗೆ ಒತ್ತಬೇಕಂತೆ ಸರ್."

"ಮುಖ್ಯಸ್ಥ ನಾನೇ ಅಲ್ವಾ? ತನ್ನಿ ಇಲ್ಲಿ."

ಒತ್ತಿದರು. ರೋಗಿ ತನ್ನ ಔಷಧಿಗೆ ತಾನೇ ಒಪ್ಪಿಗೆ ಕೊಡುವಂತಿಲ್ಲ ಎಂದು ಪರದೆಯ ಮೇಲೆ ಕೆಂಪು ಅಕ್ಷರ ಮೂಡಿತು.

"ಹಾಳಾಗಿ ಹೋಗ್ಲಿ! ನಾನು ಹೇಳ್ತಿದೀನಿ, ಕೊಟ್ಬಿಡಿ."

"ಬಾಯಿಮಾತು ನಡೆಯಲ್ಲ ಸರ್." ಸಿಸ್ಟರ್ ಗೋಡೆಯತ್ತ ನೋಡಿದರು. 'ಬಾಯಿಮಾತು ಬೇಡ, ಫೋನ್ ಬೇಡ, ಎಲ್ಲವೂ ಕಂಪ್ಯೂಟರಿನಲ್ಲಿ' ಎಂಬ ಆ ಬೋರ್ಡನ್ನು ದೊಡ್ಡ ಡಾಕ್ಟರೇ ಮುಂದೆ ನಿಂತು ಹೊಡೆಸಿದ್ದರು. ಯಾರಾದರೂ ಫೋನ್ ಮಾಡಿ ಏನಾದರೂ ಕೇಳಿದರೆ ಅವರಿಗೆ ಮೈಯೆಲ್ಲ ಉರಿಯುತ್ತಿತ್ತು. ಬೋರ್ಡು ಬಂದಂದಿನಿಂದ ಒಬ್ಬರ ಮುಖ ಒಬ್ಬರು ನೋಡದೆಯೇ ಕೆಲಸ ಸಾಗುತ್ತಿತ್ತು, ಸಾಗಿದಷ್ಟು.

ಅಷ್ಟರಲ್ಲಿ ದಪ್ಪ ಕನ್ನಡಕದ ಹೆಂಗಸೊಬ್ಬರು ಇಂಜೆಕ್ಷನ್ ಡಬ್ಬಿ ಹಿಡಿದು ಏದುಸಿರು ಬಿಡುತ್ತ ಒಳಗೆ ಬಂದರು. "ಕೆಳಗಿನ ಫಾರ್ಮಸಿಯಿಂದ ಬಂದೆ. ಆರ್ಡರ್ ಆಗಿನಿಂದ ಹಾಗೇ ನಿಂತಿದೆ, ಯಾರೂ ಉಸಿರೆತ್ತುತ್ತಿಲ್ಲ. ಮನಸ್ಸು ತಡೀಲಿಲ್ಲ."

"ಅಯ್ಯೋ, ದಿನಾ ಕಂಪ್ಯೂಟರಿನಲ್ಲಿ 'ಪರಿಶೀಲನೆಯಲ್ಲಿದೆ' ಅಂತ ಬರೆಯೋರು ನೀವೇನಾ?" ಎಂದರು ಸಿಸ್ಟರ್. " ಯಾರೋ ಸಿಡುಕು ಮುದುಕ ಅಂದ್ಕೊಂಡಿದ್ದೆ!"

"'ಬೇಗ, ಬೇಗ' ಅನ್ನೋರು ನೀವಾ? ನಾನೂ ಯಾರೋ ಗಯ್ಯಾಳಿ ಅಂದ್ಕೊಂಡಿದ್ದೆ, ಬಿಡಿ."

ಇಬ್ಬರೂ ಕೈ ಕೈ ಹಿಡಿದು ನಕ್ಕರು.

"ಪರಿಚಯ ಆಮೇಲೆ ಮಾಡ್ಕೊಳ್ರಮ್ಮಾ!" ದೊಡ್ಡ ಡಾಕ್ಟರು ನರಳಿದರು.

"ಮೇಲಿನ ಮಹಡಿಯ ವಾರ್ಡಿನ ಮುಖ್ಯಸ್ಥರು ಒಪ್ಪಿಗೆ ಕೊಟ್ಟರೂ ಆಗುತ್ತೆ," ಎಂದರು ಫಾರ್ಮಸಿಯವರು. "ಒಂದು ಫೋನ್ ಮಾಡಿದ್ರೆ ಮುಗೀತು."

"ಫೋನ್ ಮಾಡಿದ್ರೆ ಬೈತಾರೆ."

"ಯಾರು?"

ಸಿಸ್ಟರ್ ಕಣ್ಣಲ್ಲೇ ಮಂಚ ತೋರಿಸಿದರು. ಮಂಚದಲ್ಲಿದ್ದವರು ಎರಡೂ ಕೈ ಜೋಡಿಸಿದರು.

ಫೋನ್ ಹೋಯಿತು. ಮೇಲಿನ ಡಾಕ್ಟರು ಇಳಿದು ಬಂದು, ಕಾಲು ನೋಡಿ, ಒಪ್ಪಿಗೆ ಒತ್ತಿ ಹೋದರು. ಇಂಜೆಕ್ಷನ್ ಕೊಟ್ಟದ್ದೂ ಆಯಿತು. ನೋವು ಇಳಿಯುತ್ತ ಬಂದಂತೆ ದೊಡ್ಡ ಡಾಕ್ಟರ ಹುಬ್ಬಿನ ಗಂಟೂ ಸಡಿಲವಾಯಿತು. ಆದರೆ ಕಂಪ್ಯೂಟರ್ ಇನ್ನೂ ಬಿಟ್ಟಿರಲಿಲ್ಲ.

"ಸರ್, ಇಂಜೆಕ್ಷನ್ ಯಾಕೆ ತಡವಾಯ್ತು ಅಂತ ಕೇಳ್ತಿದೆ. ಕಾರಣ ಹಾಕದಿದ್ರೆ ಮುಂದಕ್ಕೇ ಹೋಗಲ್ಲ. ಏನು ಹಾಕಲಿ?"

ದೊಡ್ಡ ಡಾಕ್ಟರು ಗೋಡೆಯ ಬೋರ್ಡಿನತ್ತ ಕಣ್ಣು ಹಾಯಿಸಿದರು.

"'ಡಾಕ್ಟರು ಸಿಗಲಿಲ್ಲ' ಅಂತ ಹಾಕಮ್ಮಾ."